ಗೊತ್ತಿಲ್ಲ ಸರ್

ಮಾತಾಡಿಸಿ ಬರಲೆಂದು ಶೇಡಬಾಳಕ್ಕೆ ಹೋದಾಗ ಅವರ ಸೈಕಲ್ಲು ಕಟ್ಟೆಗೆ ಒರಗಿಕೊಂಡೇ ಇತ್ತು. ಮಳೆ ಬಿದ್ದರೆ ಸೀಟು ನೆನೆಯಬಾರದೆಂದು ಅವರು ಕಟ್ಟಿದ್ದ ಪ್ಲಾಸ್ಟಿಕ್ ಚೀಲವೂ ಹಾಗೇ ಇತ್ತು. ಅದನ್ನು ನೋಡಿದ್ದೇ ನನಗೆ ಸಿಟ್ಟು ಬಂತು. ಸತ್ತವರ ಮನೆಗೆ ಬಂದು ಯಾರಾದರೂ ಸಿಟ್ಟಾಗುತ್ತಾರೆಯೇ? ನಾನು ಆಗುತ್ತೇನೆ. ಅಳು ಬರಬೇಕಾದ ಕಡೆಯೆಲ್ಲ ನನಗೆ ಸಿಟ್ಟೇ ಬರುವುದು. ಬೇಕಾದರೆ ನನ್ನ ಹೆಂಡತಿಯನ್ನು ಕೇಳಿ.

ಒಳಗೆ ಅವರ ಹೆಂಡತಿ ಗೋಡೆಗೆ ಬೆನ್ನು ಕೊಟ್ಟು ಕೂತಿದ್ದರು. ನಾನು ಅವರನ್ನು ವೈನಿ, ಅಂದರೆ ಅತ್ತಿಗೆ, ಎಂದು ಕರೆಯುತ್ತ ಬಂದವನು. ವೈನಿ ಅವತ್ತು ಒಂದು ಮಾತು ಕೇಳಿದರು, ನಾನು ಅದಕ್ಕೆ ಹೌದು ಎಂದು ಬಂದಿದ್ದೇನೆ. ಹೌದು ಎನ್ನುವುದಕ್ಕೆ ಅಷ್ಟೇಕೆ ಕಷ್ಟವಾಯಿತು ಎಂದು ತಿಳಿಯಬೇಕಾದರೆ ಹೋದ ಮನುಷ್ಯ ಎಂಥವರಿದ್ದರು ಎಂದು ಮೊದಲು ಹೇಳಬೇಕು.

ಅಥಣಿಯ ಒಂದು ಕಾಲೇಜಿನಲ್ಲಿ ಅವರು ಭೌತಶಾಸ್ತ್ರ ಕಲಿಸುತ್ತಿದ್ದರು, ನಾನು ಕನ್ನಡ. ಎಂಬತ್ತರ ದಶಕದಲ್ಲಿ ನಾನು ಕಾಗವಾಡದಲ್ಲಿ ಬಾಡಿಗೆ ಮನೆ ಹಿಡಿದಿದ್ದೆ. ಬೆಳಗಾದರೆ ಅವರು ಶೇಡಬಾಳದಿಂದ ಸೈಕಲ್ ತುಳಿದುಕೊಂಡು ಬಂದು, ಅದನ್ನು ನಮ್ಮ ಕಟ್ಟೆಗೆ ಒರಗಿಸಿ, "ಬರ್ರಿ ಸರ್, ಮಿರಜ ಗಾಡಿ ಬಂತು" ಎಂದು ಕೂಗುತ್ತಿದ್ದರು. ಮಿರಜದಿಂದ ಅಥಣಿಗೆ ಹೋಗುವ ಆ ಬಸ್ಸು ಬಂದಿರುತ್ತಿರಲಿಲ್ಲ. ನಾನು ಅಂಗಿಯ ಗುಂಡಿ ಹಾಕಿಕೊಳ್ಳುತ್ತ ಓಡಿ ಬಂದರೆ ಅವರು ಆರಾಮಾಗಿ ಆಕಾಶ ನೋಡುತ್ತ ನಿಂತಿರುತ್ತಿದ್ದರು. ಸುಳ್ಳು ಹೇಳದ ಆ ಮನುಷ್ಯ ಹೇಳುತ್ತಿದ್ದ ಸುಳ್ಳು ಅದೊಂದೇ ಎಂದು ನಾನು ಚೇಷ್ಟೆ ಮಾಡುತ್ತಿದ್ದೆ.

ಹುಡುಗರು ಅವರಿಗೆ 'ಗೊತ್ತಿಲ್ಲ ಸರ್' ಎಂದು ಹೆಸರಿಟ್ಟಿದ್ದರು. ಯಾರಾದರೂ ಪ್ರಶ್ನೆ ಕೇಳಿದರೆ ಚಾಕ್‌ಪೀಸನ್ನು ತುಟಿಗೆ ಒತ್ತಿ ಯೋಚಿಸುತ್ತಿದ್ದರು. ತುಟಿಯೆಲ್ಲ ಬೆಳ್ಳಗೆ. ಆಮೇಲೆ ಎರಡು ಬಗೆಯ ಉತ್ತರ ಬರುತ್ತಿತ್ತು. "ನನಗ ಗೊತ್ತಿಲ್ಲ, ನಾಳೆ ನೋಡ್ಕೊಂಡ ಬರ್ತೀನಿ" ಎನ್ನುವುದು ಒಂದು. "ಯಾರಿಗೂ ಗೊತ್ತಿಲ್ಲ" ಎನ್ನುವುದು ಇನ್ನೊಂದು. ಈ ಎರಡನೆಯದನ್ನು ಹೇಳುವಾಗ ಅವರ ಮುಖ ಅರಳುತ್ತಿತ್ತು, ಮನೆಯಲ್ಲಿ ಮಗು ಹುಟ್ಟಿದ ಸುದ್ದಿ ಹೇಳುವವರ ಹಾಗೆ. ನನಗೋ, ಬದುಕಿನಲ್ಲಿ ಗೊತ್ತಿಲ್ಲದ್ದು ಎಂಬುದೇ ಇರಲಿಲ್ಲ. ಕನ್ನಡ ಮಾಸ್ತರನಲ್ಲವೇ, ಏನು ಕೇಳಿದರೂ ಒಂದು ತಾಸು ಮಾತಾಡುತ್ತಿದ್ದೆ.

ಒಮ್ಮೆ ಆಡಳಿತ ಮಂಡಳಿಯ ಅಧ್ಯಕ್ಷರು ಅವರ ಕ್ಲಾಸಿಗೆ ಬಂದು ಹಿಂದಿನ ಬೆಂಚಿನಲ್ಲಿ ಕೂತರು. ನಿಪ್ಪಾಣಿಯಲ್ಲಿ ತಂಬಾಕಿನ ವ್ಯಾಪಾರ ಮಾಡುವ ದೊಡ್ಡ ಮನುಷ್ಯ. ನಮ್ಮವರು ಅವತ್ತೂ ಬಿಡದೆ ಎರಡು ಸಲ ಗೊತ್ತಿಲ್ಲ ಎಂದರು. ಹೊರಗೆ ಬಂದು ಅಧ್ಯಕ್ಷರು, "ಏನ್ರಿ ಮಾಸ್ತರ್, ಗೊತ್ತಿಲ್ಲ ಅನ್ನಾಕ ನಿಮಗ ಪಗಾರ ಕೊಡಬೇಕೇನು?" ಎಂದು ಕೇಳಿದರು. ಇವರು ತಣ್ಣಗೆ, "ಗೊತ್ತಿದ್ದದ್ದಕ್ಕಷ್ಟ ಪಗಾರರಿ ಸಾಹೇಬ್ರ. ಗೊತ್ತಿಲ್ಲದ್ದು ಫುಕಟ್" ಎಂದರು. ಅಧ್ಯಕ್ಷರು ಬಿದ್ದು ಬಿದ್ದು ನಕ್ಕರು. ನಗದೇ ಇದ್ದಿದ್ದರೆ ಏನಾಗುತ್ತಿತ್ತೋ ದೇವರೇ ಬಲ್ಲ.

ಅವರ ತಲೆಯಲ್ಲಿ ಬಿಡಾರ ಹೂಡಿದ್ದ ಗೊತ್ತಿಲ್ಲ ಒಂದಿತ್ತು. ಆಕಾಶದ ಯಾವುದೋ ಮೂಲೆಯಿಂದ ಒಮ್ಮೆಲೇ ಗಾಮಾ ಕಿರಣಗಳ ಸಿಡಿತವೊಂದು ಬರುತ್ತದಂತೆ. ಕೆಲವು ಕ್ಷಣ, ಹೆಚ್ಚೆಂದರೆ ಕೆಲವು ನಿಮಿಷ. ಆಮೇಲೆ ಇಲ್ಲವೇ ಇಲ್ಲ. ಮತ್ತೆ ಅದೇ ಜಾಗದಿಂದ ಬರುವುದಿಲ್ಲ. ಕಣ್ಣಿಗೆ ಕಾಣುವಂಥದ್ದಲ್ಲ, ನೆಲದ ತನಕ ಇಳಿಯುವುದೂ ಇಲ್ಲ. ಯಾರಾದರೂ ಕದ್ದು ಅಣುಬಾಂಬು ಸಿಡಿಸಿದರೆ ಹಿಡಿಯಬೇಕೆಂದು ಅಮೆರಿಕದವರು ಹಾರಿಸಿದ್ದ ಉಪಗ್ರಹಗಳಿಗೆ ಬಾಂಬಿನ ಬದಲು ಇದು ಸಿಕ್ಕಿತ್ತು. ಎಲ್ಲಿಂದ ಬರುತ್ತದೆ, ಏನು ಸಿಡಿಯುತ್ತದೆ, ಯಾರಿಗೂ ಗೊತ್ತಿರಲಿಲ್ಲ. "ಇದಕ್ಕ ರಾತ್ರಿ ಕಾಯೂದು ಬೇಕಾಗಿಲ್ಲ ನೋಡ್ರಿ," ಎಂದು ಕಾಗವಾಡದ ಸ್ಟ್ಯಾಂಡಿನಲ್ಲಿ ಸುಡುವ ಬಿಸಿಲಲ್ಲಿ ತಲೆ ಎತ್ತಿ ಹೇಳುತ್ತಿದ್ದರು. "ಈಗೂ ಒಂದು ಬಂದು ಹೋಗಿರಬೇಕು. ನಾವು ಇಲ್ಲಿ ಚಹಾ ಕುಡ್ಯಾಕತ್ತೇವಿ."

ಅವರದು ಜೈನರ ಮನೆ. ಹೊತ್ತು ಮುಳುಗುವ ಮೊದಲು ಊಟ ಮುಗಿಯಬೇಕು, ಮುಳುಗಿದ ಮೇಲೆ ನೀರನ್ನೂ ಮುಟ್ಟುವವರಲ್ಲ. ಕಬ್ಬಿನ ಹಂಗಾಮಿನಲ್ಲಿ ಉಗಾರದ ಸಕ್ಕರೆ ಕಾರ್ಖಾನೆಯ ಕಡೆ ಹೊರಟ ಗಾಡಿಗಳ ಹಿಂದೆ ನಮ್ಮ ಬಸ್ಸು ಸಿಕ್ಕಿಕೊಂಡರೆ ಇಡೀ ಬಸ್ಸಿಗೆ ಅವರ ಊಟದ ಚಿಂತೆ. ಕಂಡಕ್ಟರು ಮರಾಠಿ ಮನುಷ್ಯ. "ಅಹೋ ಮಾಸ್ತರ್, ಜೇವೂನ್ ಘ್ಯಾ, ಅಜೂನ್ ಉಜೇಡ್ ಆಹೇ" ಎಂದು ಅವಸರ ಮಾಡುವನು. ಬೆಳಕಿದೆ, ಉಂಡುಬಿಡಿ ಎಂದು. ಇವರು ತೊಡೆಯ ಮೇಲೆ ಡಬ್ಬಿ ಬಿಚ್ಚಿ ಎರಡು ರೊಟ್ಟಿ ತಿನ್ನುವರು. ಒಂದು ದಿನ ಹೀಗೇ ನಿಂತಿದ್ದಾಗ ಕಿಟಕಿಯಾಚೆ ಮಬ್ಬಿನಲ್ಲಿ ಒಂದು ಕೆಂಪು ಚುಕ್ಕೆ ಕಂಡಿತು. "ಅದು ಸಣ್ಣ ಬೆಂಕಿಯೋ ದೊಡ್ಡ ಬೆಂಕಿಯೋ ಹೇಳ್ರಿ" ಎಂದರು.

"ಯಾರೋ ಬೀಡಿ ಹಚ್ಚ್ಯಾರ್ರಿ," ಎಂದ ಕಂಡಕ್ಟರು.

"ಕಬ್ಬು ಕಡದ ಹೊಲದಾಗ ರವದಿ ಸುಡಾಕತ್ತಾರ" ಎಂದೆ ನಾನು. ಸೋಲುವವನೇ ನಾನು?

"ಇಲ್ಲೇ ಬದುವಿನ ಮ್ಯಾಲಿದ್ರ ಬೀಡಿ. ಹೊಳಿ ಆಚಿ ಇದ್ರ ಹೊಲಕ್ಕ ಹೊಲಾನ ಹತ್ತೇತಿ. ಎಷ್ಟು ದೂರ ಅಂತ ಗೊತ್ತಾಗೂತನಕ ಏನ ಹತ್ತೇತಿ ಅನ್ನೂದು ಹ್ಯಾಂಗ ಹೇಳ್ತೀರಿ? ಗಾಮಾದ್ದೂ ಇಷ್ಟ ನೋಡ್ರಿ ಕತಿ." ದೊಡ್ಡ ದೊಡ್ಡ ವಿದ್ವಾಂಸರಲ್ಲಿ ಬಹಳ ಮಂದಿ ಆಗ ಅದು ಹತ್ತಿರದ್ದು, ನಮ್ಮ ಆಕಾಶಗಂಗೆಯ ಒಳಗೇ ಸತ್ತ ನಕ್ಷತ್ರಗಳಿಂದ ಬರುವಂಥದ್ದು ಎನ್ನುತ್ತಿದ್ದರಂತೆ. ಇವರಿಗೂ ಹಾಗೇ ಅನಿಸಿತ್ತು. "ಮನಿಯೊಳಗಿನದೇ ಇರಬೇಕ್ರಿ" ಎನ್ನುತ್ತಿದ್ದರು. ಆದರೆ ಮಾತಿನ ಕೊನೆಗೆ "ಗೊತ್ತಿಲ್ಲ" ಎಂದು ಸೇರಿಸುವುದನ್ನು ಮರೆಯುತ್ತಿರಲಿಲ್ಲ.

ಅವರಿಗೆ ಒಬ್ಬಳೇ ಮಗಳು. ಸಂಜೆ ಊಟಕ್ಕೆ ಕೂತಾಗ ಅವಳು ದಿನಾ ಕೇಳುವ ಮಾತೊಂದಿತ್ತು: "ಅಪ್ಪಾ, ಗೊತ್ತಾತೇನು?" ಅವರು, "ಇನ್ನೂ ಇಲ್ಲ ಬಾಳಾ." ಅಷ್ಟೇ. ನಾನು ಎಷ್ಟೋ ಸಲ ಆ ಪಂಕ್ತಿಯಲ್ಲಿ ಕೂತು ಕೇಳಿದ್ದೇನೆ. ವೈನಿ ರೊಟ್ಟಿ ಬಡಿಯುತ್ತಲೇ, "ಇವರದೊಂದು ಮಂತ್ರ ಆಗೇತಿ ನೋಡ್ರಿ" ಎಂದು ನಗುವರು. ಹುಡುಗಿ ನಮ್ಮ ಕಾಲೇಜಿನಲ್ಲೇ ಬಿ.ಎಸ್ಸಿ. ಓದಿದಳು, ಅಪ್ಪನ ಕ್ಲಾಸಿನಲ್ಲಿ ಮುಂದಿನ ಬೆಂಚು. ಕಾಕಾ, ಕಾಕಾ ಎಂದು ನನ್ನ ಕನ್ನಡದ ಕ್ಲಾಸಿನಲ್ಲೂ ನಿದ್ದೆ ಮಾಡದೆ ಕೂತಿರುತ್ತಿದ್ದವಳು ಅವಳೊಬ್ಬಳೇ.

ಎಂ.ಎಸ್ಸಿ.ಗೆ ಧಾರವಾಡಕ್ಕೆ ಹೋಗುತ್ತೇನೆಂದಳು. ವೈನಿ ಬೇಡವೆಂದರು. ಕಬ್ಬೂರಿನಿಂದ ಒಂದು ಸಂಬಂಧ ಬಂದಿತ್ತು, ಒಳ್ಳೆಯ ಜನ. ಇನ್ನೆಷ್ಟು ಓದಿಸುವುದು, ಹೆಣ್ಣುಮಗಳನ್ನು ದೂರದ ಹಾಸ್ಟೆಲಿನಲ್ಲಿ ಇಟ್ಟು ನಾನು ಹೇಗೆ ಕಣ್ಣು ಮುಚ್ಚಲಿ ಎಂದರು. ಅಪ್ಪ ಹೌದೆನ್ನಲಿಲ್ಲ, ಇಲ್ಲವೆನ್ನಲಿಲ್ಲ, ಬೆರಳಿನ ಚಾಕ್ ಪುಡಿ ಒರೆಸಿಕೊಳ್ಳುತ್ತ ಕೂತರು. ಅರ್ಜಿ ಹಾಕುವ ದಿನ ದಾಟಿತು. ಆಮೇಲೆ ಕಬ್ಬೂರಿನ ಸಂಬಂಧವೂ ಹೊಂದಿ ಬರಲಿಲ್ಲ. ಹುಡುಗಿ ಮನೆಯಲ್ಲಿ ಉಳಿದಳು. ಸಿಡುಕಲಿಲ್ಲ, ಅಳಲಿಲ್ಲ, ಬಸದಿಯಲ್ಲಿ ಸಣ್ಣ ಮಕ್ಕಳಿಗೆ ಪಾಠ ಹೇಳುತ್ತಿದ್ದಳು.

ಮರುವರ್ಷ ಮಳೆಗಾಲದಲ್ಲಿ ಮುನಿಗಳ ಸಂಘವೊಂದು ಚಾತುರ್ಮಾಸಕ್ಕೆ ಶೇಡಬಾಳದಲ್ಲಿ ನಿಂತಿತು. ಅದು ಮುಗಿಯುವ ಹೊತ್ತಿಗೆ ಅವಳು, ನಾನು ದೀಕ್ಷೆ ತಗೊಳ್ಳುತ್ತೇನೆ ಎಂದಳು. ದೀಕ್ಷೆ ಎಂದರೆ ಮನೆ, ಹೆಸರು, ಕೂದಲು, ಅಪ್ಪ ಅವ್ವ ಎಲ್ಲ ಬಿಟ್ಟು ಆರ್ಯಿಕೆಯಾಗಿ, ಅಂದರೆ ಸನ್ಯಾಸಿನಿಯಾಗಿ, ಬರಿಗಾಲಲ್ಲಿ ಊರೂರು ನಡೆಯುವುದು. ಮತ್ತೆ ಮನೆಗೆ ಬರುವುದೆಂಬುದಿಲ್ಲ.

ತಂದೆ ತಾಯಿ ಒಪ್ಪದೆ ಆಚಾರ್ಯರು ದೀಕ್ಷೆ ಕೊಡುವುದಿಲ್ಲ. ವೈನಿ ಅತ್ತು ಅತ್ತು ಕೊನೆಗೆ, "ಅವರು ಹ್ಯಾಂಗಂತಾರೋ ಹಂಗ" ಎಂದುಬಿಟ್ಟರು. ಎಲ್ಲ ಇವರ ಮೇಲೆ ಬಂತು. ಇವರು ಮಗಳಿಗೆ, "ಕಾರಣ ಹೇಳು. ಒಪ್ಪಿಗಿ ಕೊಡ್ತೀನಿ" ಎಂದರು.

"ಕಾರಣ ನನಗೂ ಗೊತ್ತಿಲ್ಲ ಅಪ್ಪಾ" ಎಂದಳು ಅವಳು. "ಒಮ್ಮಿಂದೊಮ್ಮೆಲೆ ಬಂತು."

ಒಪ್ಪಿಗೆ ಸಿಗುವತನಕ ಎಂದು ಅವಳು ಉಪ್ಪು ಬಿಟ್ಟಳು. ಸ್ವಲ್ಪ ದಿನಕ್ಕೆ ತುಪ್ಪ, ಆಮೇಲೆ ಹಾಲು, ಬೆಲ್ಲ. ಹಟದಿಂದಲ್ಲ, ನಗುತ್ತಲೇ ಒಂದೊಂದನ್ನು ಬದಿಗೆ ಸರಿಸುತ್ತಿದ್ದಳು. ಗಲ್ಲದ ಎಲುಬು ಕಾಣತೊಡಗಿತು. ಇತ್ತ ಅಪ್ಪ ಆಗಾಗ ರಜೆ ಹಾಕಿ ಕಾರಣ ಹುಡುಕಲು ಹೊರಟರು. ಕಬ್ಬೂರಿಗೆ ಹೋಗಿ ಆ ವರನ ಮನೆಯವರನ್ನು ಕೇಳಿ ಬಂದರು. ರಾಯಬಾಗದಲ್ಲಿದ್ದ ಅವಳ ಗೆಳತಿಯ ಮನೆಗೆ ಹೋದರು. ನಿಪ್ಪಾಣಿಯಲ್ಲಿ ಅವರ ತಂಗಿ ಇದ್ದಳು, ಅವಳನ್ನೂ ಬಿಡಲಿಲ್ಲ. ಯಾರಾದರೂ ಏನಾದರೂ ಅಂದರೇ, ಯಾರಾದರೂ ಮನಸ್ಸು ನೋಯಿಸಿದರೇ, ನಾನು ಯಾವಾಗಲಾದರೂ ಗದರಿದೆನೇ ಎಂದು ಹೋದಲ್ಲೆಲ್ಲ ಕೇಳುವರು. ಕಾಲೇಜಿಗೆ ಬಂದ ದಿನ ಸೈಕಲ್ ಒರಗಿಸುವಾಗ ಅವರ ಮುಖ ನೋಡಲಾಗುತ್ತಿರಲಿಲ್ಲ.

ಕೊನೆಗೆ ನನಗೆ ತಡೆಯಲಾಗಲಿಲ್ಲ. ಬಸ್ಸಿನಲ್ಲೇ ಒದರಿದೆ. "ಊರೂರು ಯಾಕ ತಿರಗತೀರಿ? ಕಾರಣ ನಿಮ್ಮ ಮನ್ಯಾಗೇ ಐತಿ. ಓದತೀನಿ ಅಂದ ಹುಡಿಗೀನ ಕಟ್ಟಿ ಹಾಕಿದ್ರಿ. ಈಗರ ಧಾರವಾಡಕ್ಕ ಕಳಸ್ರಿ, ಎಲ್ಲಾ ಸರಿ ಹೋಗತೈತಿ." ಅವರು ಮರುದಿನ ಬಂದು, "ಕೇಳಿದ್ನಿ ಸರ್" ಎಂದರು. "ಕಳಸ್ತೀನಿ ಹೋಗು ಅಂದ್ನಿ. ಈಗ ಬ್ಯಾಡ ಅಪ್ಪಾ ಅಂದ್ಲು. ಮೊದಲ ಕಳಿಸಿದ್ರ ಈ ವಿಚಾರ ಬರತಿದ್ದಿಲ್ಲೇನು ಅಂತ ಕೇಳಿದ್ನಿ."

"ಏನಂದ್ಲು?"

"ಗೊತ್ತಿಲ್ಲ ಅಂದ್ಲು."

ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಎನ್ನಬೇಕೆಂದು ಅವಳಿಗೆ ಕಲಿಸಿದವರು ಯಾರು? ಅವಳ ಮೇಲೆ ಅವರು ಸಿಟ್ಟಾಗುವ ಹಾಗೂ ಇರಲಿಲ್ಲ.

ಅದೇ ದಿನಗಳಲ್ಲಿ ನಮ್ಮ ಲೈಬ್ರರಿಗೆ ಬರುವ ಇಂಗ್ಲಿಷ್ ಮಾಸಪತ್ರಿಕೆಯಲ್ಲಿ ಹೊಸ ಸುದ್ದಿಯೊಂದು ಬಂತು. ಈ ಸಿಡಿತಗಳನ್ನು ಹಿಡಿಯಲೆಂದೇ ಹಾರಿಸಿದ ಹೊಸ ಉಪಕರಣಕ್ಕೆ ಹೆಚ್ಚುಕಡಿಮೆ ದಿನಕ್ಕೊಂದು ಸಿಗುತ್ತಿತ್ತಂತೆ. ಆದರೆ ಅವು ಆಕಾಶಗಂಗೆಯ ಪಟ್ಟಿಯಲ್ಲಿ ಗುಂಪುಗೂಡುವುದನ್ನು ಬಿಟ್ಟು ಎಲ್ಲ ದಿಕ್ಕಿನಿಂದಲೂ ಸಮನಾಗಿ ಬರುತ್ತಿದ್ದವು. ನಮ್ಮ ಮನೆಯ ನಕ್ಷತ್ರಗಳದ್ದಾದರೆ ಹಾಗೆ ಬರುವ ಕಾರಣವಿಲ್ಲ. ಸ್ಟಾಫ್ ರೂಮಿನಲ್ಲಿ ಅವರು ಪತ್ರಿಕೆ ಮಡಚಿಟ್ಟರು. "ಇಷ್ಟ ವರ್ಷ ಎಲ್ಲಾರೂ ಮನಿಯೊಳಗ ಹುಡುಕಿದ್ವಿ" ಎಂದರು. "ಮನಿಯೊಳಗ ಹುಡುಕೂದು ಸುಲಭ ಅಂತ ಹುಡುಕಿದ್ವೋ ಏನೋ."

"ಆಕಾಶದ ಸುದ್ದಿ ಹಾಳಾಗಿ ಹೋಗ್ಲಿ, ಮಗಳ ಸುದ್ದಿ ಮಾತಾಡ್ರಿ!" ಎಂದು ನಾನು ಮೇಜು ಗುದ್ದಿದೆ. ಚಹಾ ಚೆಲ್ಲಿತು. ಅವರು ಕರವಸ್ತ್ರ ತೆಗೆದು ಒರೆಸಿದರು.

ಚಿಕ್ಕೋಡಿ ಹತ್ತಿರದ ಒಂದು ಊರಿನಲ್ಲಿ ದೀಕ್ಷೆ ಆಯಿತು. ದೊಡ್ಡ ಪೆಂಡಾಲು, ಜನವೋ ಜನ. ಮದುವಣಗಿತ್ತಿಯ ಹಾಗೆ ಸಿಂಗರಿಸಿ ಮೆರವಣಿಗೆಯಲ್ಲಿ ತಂದು, ಅದೇ ವೇದಿಕೆಯ ಮೇಲೆ ಅವಳ ಕೂದಲನ್ನು ಕೈಯಿಂದಲೇ ಕಿತ್ತರು. ಅವಳು ತುಟಿ ಕೂಡ ಅಲುಗಿಸಲಿಲ್ಲ. ವೈನಿ ಸೆರಗೊಡ್ಡಿ ಆ ಕೂದಲು ಹಿಡಿದರು. ಅದಕ್ಕೆ ಮೊದಲು ಆಚಾರ್ಯರು ತಂದೆಯ ಒಪ್ಪಿಗೆ ಕೇಳಿದ್ದರು. ಇಂಥ ಕಡೆ ಧನ್ಯರಾದೆವು, ಕುಲ ಉದ್ಧಾರವಾಯಿತು ಎಂದೆಲ್ಲ ಹೇಳುವುದು ರೂಢಿ. ಇವರು ಮೈಕಿನ ಮುಂದೆ ನಿಂತು, "ಕಾರಣ ನನಗ ಗೊತ್ತಿಲ್ಲ. ಒಪ್ಪಿಗಿ ಐತಿ" ಎಂದರು. ಜನ ಜಯಕಾರ ಹಾಕಿದರು. ನಾನು ಹಾಕಲಿಲ್ಲ. ಒಪ್ಪಬಾರದಿತ್ತು ಎಂದು ನನಗೆ ಅವತ್ತೂ ಅನಿಸಿತ್ತು, ಇವತ್ತೂ ಅನಿಸುತ್ತದೆ. ಅವರ ಧರ್ಮ ಅವರಿಗೆ, ನಾನು ಹೊರಗಿನವನು, ಒಪ್ಪುತ್ತೇನೆ. ಆದರೆ ನನ್ನ ಕ್ಲಾಸಿನಲ್ಲಿ ನಿದ್ದೆ ಮಾಡದ ಒಬ್ಬಳೇ ಒಬ್ಬಳು ಹುಡುಗಿ ಅವಳು.

ಆಮೇಲೆ ಆ ಮನೆಯಲ್ಲಿ ಸಂಜೆಯ ಊಟ ಮಾತಿಲ್ಲದೆ ಮುಗಿಯತೊಡಗಿತು. ವೈನಿಗೆ ಒಂದೇ ಕೊರಗು. ಯಾರು ಬಂದರೂ ಕೇಳುವರು: "ನಾ ಓದಾಕ ಕಳಿಸಲಿಲ್ಲ, ಅದಕ್ಕ ಹಿಂಗಾತೇನ್ರಿ? ನನ್ನಿಂದ ಆತೇನ್ರಿ?" ಬಂದವರು ಪುಣ್ಯ ಎನ್ನುವರು, ಪೂರ್ವಜನ್ಮ ಎನ್ನುವರು. ವೈನಿ ಅದನ್ನೆಲ್ಲ ಕೇಳಿ ಕೊನೆಗೆ ಗಂಡನ ಮುಖ ನೋಡುವರು. ಅವರು "ಗೊತ್ತಿಲ್ಲ" ಎನ್ನುವರು. ನನಗೆ ಮೈಯೆಲ್ಲ ಉರಿಯುತ್ತಿತ್ತು. ಹೆಂಡತಿ ಎದುರು ಕೂತು ಬೇಯುತ್ತಿರುವಾಗ ಒಂದು ಸುಳ್ಳು ಹೇಳಲಾರದವನು ಎಂಥ ಗಂಡಸು?

ಇನ್ನೂ ಕೆಲವು ವರ್ಷ ಕಳೆದವು. ಅವರ ನಿವೃತ್ತಿ ಹತ್ತಿರ ಬಂದಿತ್ತು. ಒಂದು ಬೆಳಿಗ್ಗೆ ಸೈಕಲ್ಲನ್ನು ಒರಗಿಸದೆ ಕೆಳಗೆ ಬೀಳಿಸಿಯೇ ಒಳಗೆ ಬಂದರು. "ದೂರ ಗೊತ್ತಾತ್ರಿ ಸರ್!" ಒಂದು ಸಿಡಿತದ ಹಿಂದೆಯೇ ಉಳಿದ ಮಂದ ಬೆಳಕನ್ನು ದುರ್ಬೀನಿನಲ್ಲಿ ಹಿಡಿದರಂತೆ. ಅದು ನಮ್ಮ ಆಕಾಶಗಂಗೆಯ ಆಚೆ, ಊಹಿಸಲಿಕ್ಕೂ ಆಗದ ದೂರದ್ದು. ಅಂದಮೇಲೆ ಸಿಡಿದದ್ದು ಬೀಡಿಯಲ್ಲ, ಹೊಲಕ್ಕೆ ಹೊಲ. "ಏನ ಸಿಡಿದೈತಿ?" ಎಂದೆ. ದೊಡ್ಡ ನಕ್ಷತ್ರವೊಂದು ತನ್ನೊಳಗೆ ತಾನೇ ಕುಸಿಯುತ್ತದೆ ಎಂದು ಕೆಲವರು, ಸತ್ತ ನಕ್ಷತ್ರಗಳೆರಡು ಡಿಕ್ಕಿ ಹೊಡೆಯುತ್ತವೆ ಎಂದು ಕೆಲವರು. "ಅದು ಮಾತ್ರ ಇನ್ನೂ ಗೊತ್ತಿಲ್ಲ" ಎಂದು ಹೊರಗೆ ಹೋಗಿ ಸೈಕಲ್ ಎತ್ತಿ ನಿಲ್ಲಿಸಿದರು. ಆ ಸುದ್ದಿಯನ್ನು ಅವರು ಹೇಳಬೇಕಾಗಿದ್ದುದು ನನಗಲ್ಲ ಎಂದು ಇಬ್ಬರಿಗೂ ಗೊತ್ತಿತ್ತು.

ಅದೇ ವರ್ಷ ಅವಳ ಸಂಘ ವಿಹಾರ ಮಾಡುತ್ತ ಶೇಡಬಾಳಕ್ಕೆ ಬಂತು. ಅಪ್ಪ ಅವ್ವ ಸಂಜೆ ಬಸದಿಗೆ ಹೋದರು. ಅಪ್ಪ ಮಗಳಿಗೆ ಬಾಗಿ, "ವಂದಾಮಿ ಮಾತಾಜಿ" ಎಂದರು. ಆಮೇಲೆ, "ಗಾಮಾದ್ದು ದೂರ ಗೊತ್ತಾತ್ರಿ ಮಾತಾಜಿ" ಎಂದರಂತೆ. ತಲೆ ತಗ್ಗಿಸಿಕೊಂಡೇ ಅವಳು, "ಕಾರಣ?" ಎಂದು ಕೇಳಿದಳಂತೆ. "ಇನ್ನೂ ಇಲ್ಲರಿ." ಅವಳು ನವಿಲುಗರಿಯ ಪಿಂಛಿ ಎತ್ತಿ ಆಶೀರ್ವಾದ ಮಾಡಿದಳು.

ಮರುದಿನ ಆಹಾರ, ಅಂದರೆ ಸಾಧುಗಳು ದಿನಕ್ಕೊಮ್ಮೆ ಯಾರದಾದರೂ ಮನೆಯಲ್ಲಿ ತಗೊಳ್ಳುವ ಊಟ. ಅವರಲ್ಲಿ ಒಂದು ಪದ್ಧತಿಯಿದೆ. ಆಹಾರಕ್ಕೆ ಹೊರಡುವ ಮುನ್ನ ಸಾಧುಗಳು ಮನಸ್ಸಿನಲ್ಲೇ ಒಂದು ನಿಯಮ ಮಾಡಿಕೊಳ್ಳುತ್ತಾರೆ. ತೆಂಗಿನಕಾಯಿ ಹಿಡಿದವರು ಕಂಡರೆ ಅಲ್ಲಿ ನಿಲ್ಲುತ್ತೇನೆ, ಅಥವಾ ಕಳಶ ಹಿಡಿದ ದಂಪತಿ ಕಂಡರೆ, ಹೀಗೆ ಏನೋ ಒಂದು. ಅದನ್ನು ಯಾರಿಗೂ ಹೇಳುವುದಿಲ್ಲ. ಮನೆ ಮನೆಯ ಮುಂದೆ ಜನ ಸ್ನಾನ ಮಾಡಿ ಮಡಿಯುಟ್ಟು, ಏನಿರಬಹುದೆಂದು ಊಹಿಸಿ ಒಂದೊಂದನ್ನು ಹಿಡಿದು ಕರೆಯುತ್ತ ನಿಲ್ಲುತ್ತಾರೆ. ನಿಯಮ ಕೂಡಿದ ಕಡೆ ಆಹಾರ, ಎಲ್ಲೂ ಕೂಡದಿದ್ದರೆ ಅವತ್ತು ಉಪವಾಸ. ಯಾಕೆ ನಿಂತಿರಿ, ಯಾಕೆ ನಿಲ್ಲಲಿಲ್ಲ ಎಂದು ಕೇಳುವ ಹಾಗಿಲ್ಲ. ನಾನು ಎದುರು ಓಣಿಯ ದರ್ಜಿಯ ಕಟ್ಟೆಯ ಮೇಲೆ ನಿಂತಿದ್ದೆ. ಅಪ್ಪನ ಕೈಯಲ್ಲಿ ತೆಂಗಿನಕಾಯಿ, ಅವ್ವನ ಕೈಯಲ್ಲಿ ಕಳಶ, ಕಳಶದ ಮೇಲೆ ಮಾವಿನ ಹಣ್ಣು. ವೈನಿ ಹಿಂದಿನ ದಿನದಿಂದ ಉಪವಾಸವಿದ್ದು ಅಡಿಗೆ ಮಾಡಿದ್ದರು. ಬಿಳಿ ಸೀರೆಯ ಆ ಸಣಕಲು ಜೀವ, ಬಲಗೈ ಬೆರಳು ಹೆಗಲಿಗೆ ತಾಗಿಸಿಕೊಂಡು, ಕಣ್ಣು ನೆಲಕ್ಕೆ ನೆಟ್ಟು ಬಂತು. ತನ್ನ ಮನೆಯ ಮುಂದೆ ಕ್ಷಣ ತಡೆಯಿತೋ ಇಲ್ಲವೋ, ನನಗಂತೂ ತಡೆದ ಹಾಗೆ ಕಂಡಿತು. ಮುಂದೆ ಹೋಯಿತು. ಆಚೆ ಯಾರದೋ ಬಾಗಿಲಲ್ಲಿ ನಿಂತಿತು.

ವೈನಿ ಅಲ್ಲೇ ಕುಸಿದು ಕೂತರು. ಮಧ್ಯಾಹ್ನವಾಯಿತು, ಸಂಜೆಯಾಗುತ್ತ ಬಂತು, ನೀರು ಕುಡಿಯಲಿಲ್ಲ, ಎಲೆ ಹಾಕಿದರೆ ಸರಿಸಿದರು. "ಇನ್ನೂ ನನ್ನ ಮ್ಯಾಲ ಆಕಿ ಸಿಟ್ಟು ಹೋಗಿಲ್ಲ. ಎಲ್ಲಾ ನನ್ನಿಂದ ಆತು. ಹೇಳ್ರೀ, ನನ್ನಿಂದ ಆತೇನು?" ಅದೇ ಪ್ರಶ್ನೆ, ಅದೇ ನೋಟ. ನಾನು ಬಾಗಿಲಲ್ಲಿ ನಿಂತು ಹಲ್ಲು ಕಚ್ಚಿದೆ, ಈ ಮನುಷ್ಯ ಈಗ ಗೊತ್ತಿಲ್ಲ ಎಂದರೆ ನಾನು ಸುಮ್ಮನಿರುವುದಿಲ್ಲ ಎಂದು. ಅವರು ಕಿಟಕಿಯಾಚೆ ಇಳಿಯುತ್ತಿದ್ದ ಹೊತ್ತನ್ನು ನೋಡಿದರು. ಹೆಂಡತಿಯ ಮುಂದೆ ಕುಕ್ಕರುಗಾಲಲ್ಲಿ ಕೂತರು.

"ನಿನ್ನಿಂದ ಅಲ್ಲ. ನನ್ನಿಂದ ಅಲ್ಲ. ಈ ಮನಿಯೊಳಗಿನದಲ್ಲ ಅದು, ಭಾಳ ದೂರದ್ದು."

"ಖರೇನ?"

"ನನಗ ಗೊತ್ತೈತಿ" ಎಂದರು. "ಏಳು, ಊಟ ಮಾಡು. ಹೊತ್ತು ಮುಳಗತೈತಿ."

ವೈನಿ ಅವರ ಮುಖವನ್ನೇ ನೋಡಿದರು. ಆಮೇಲೆ ಎದ್ದು ಕೈ ತೊಳೆದುಕೊಂಡು ಬಂದು ಉಂಡರು.

ನನ್ನನ್ನು ಕಳಿಸಲು ಸ್ಟ್ಯಾಂಡಿನ ತನಕ ಬಂದರು. ದಾರಿಯಲ್ಲಿ, "ಖರೇನ ಗೊತ್ತಾತೇನ್ರಿ?" ಎಂದು ಕೇಳಿದೆ. "ಎಲ್ಲಿ ಗೊತ್ತಾಗತೈತ್ರಿ ಸರ್," ಎಂದರು ಅವರು. "ಕಾರಣ ಮನ್ಯಾಗೇ ಐತಿ ಅಂತ ನೀವ ಹೇಳಿದ್ದ ಖರೇ ಇರಬೇಕೇನೋ. ಆದ್ರ ಆಕಿ ಉಣ್ಣಬೇಕಲ್ಲ?" ಅವರ ಕಣ್ಣಲ್ಲಿ ನೀರಿತ್ತು. ನನಗೆ ಮೊದಲ ಸಲ ಅವರ ಮೇಲೆ ಸಿಟ್ಟು ಬರಲಿಲ್ಲ.

ನಿವೃತ್ತರಾದ ಮೇಲೆ ಅವರು ಹೆಚ್ಚು ದಿನ ಬಾಳಲಿಲ್ಲ. ಒಂದು ಬೆಳಿಗ್ಗೆ ಸೈಕಲ್ ತೆಗೆಯಲು ಹೊರಟವರು ಎದೆ ಹಿಡಿದುಕೊಂಡು ಕಟ್ಟೆಯ ಮೇಲೆ ಕೂತರು, ಅಷ್ಟೇ.

ಮಾತಾಡಿಸಲು ಹೋದ ಆ ದಿನ ವೈನಿ ಬಹಳ ಅಳಲಿಲ್ಲ. ಸೆರಗಿನ ತುದಿ ಬೆರಳಿಗೆ ಸುತ್ತಿಕೊಳ್ಳುತ್ತ, "ಮಗಳದ್ದು ನನ್ನಿಂದ ಆಗಿಲ್ಲ ಅಂತ ಅವರು ಹೇಳಿದ್ರು, ನೀವೂ ಇದ್ರಿ" ಎಂದರು. "ಅದೊಂದು ಮಾತಿನ ಮ್ಯಾಲೆ ನಾ ಜೀವ ಹಿಡಕೊಂಡೀನಿ. ಗೊತ್ತಿಲ್ಲದ್ದನ್ನ ಗೊತ್ತೈತಿ ಅನ್ನೂ ಮನಶಾ ಅಲ್ಲ ಅವರು. ಖರೇ ಗೊತ್ತಿತ್ತಲ್ರಿ ಅವರಿಗೆ?"

ಕಾರಣ ಆ ಮನೆಯೊಳಗಿನದೇ ಎಂದು ನಾನು ನಂಬಿದವನು. ಈಗಲೂ ನಂಬುತ್ತೇನೆ. ವೈನಿ ನನ್ನ ಮುಖ ನೋಡುತ್ತಿದ್ದರು. ಹೊರಗೆ ಹೊತ್ತು ಇಳಿಯುತ್ತಿತ್ತು.

"ಹೌದ್ರಿ ವೈನಿ," ಎಂದೆ. "ಅವರಿಗೆ ಗೊತ್ತಿತ್ತು."